ಮನಶ್ಶಾಸ್ತ್ರದ ಮೇಷ್ಟರುಗಳು: ನೂರು ವರ್ಷದ ಸಿಂಹಾವಲೋಕನ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ವಿಶ್ವವಿದ್ಯಾನಿಲಯಕ್ಕೆ ಆಗಿನ್ನೂ ಎಂಟು ವರ್ಷ. ತತ್ತ್ವಶಾಸ್ತ್ರದ ತರಗತಿಯಲ್ಲಿ ಒಂದು ಪಾಠವಾಗಿದ್ದ ಮನಸ್ಸಿನ ವಿಚಾರ ಅಂದಿನಿಂದ ತನ್ನದೇ ಕೊಠಡಿ, ತನ್ನದೇ ಉಪಕರಣ, ತನ್ನದೇ ಮೇಷ್ಟರನ್ನು ಪಡೆಯಿತು. ಆ ವಿಭಾಗ ಈಗ ನೂರು ದಾಟಿದೆ. ಈ ಹೊತ್ತಿನಲ್ಲಿ ನಾವು ಕೇಳಬಯಸುವ ಪ್ರಶ್ನೆ ಇದು: ಇಲ್ಲಿಯೂ ಇದರ ನೆರೆಹೊರೆಯ ಸಂಸ್ಥೆಗಳಲ್ಲಿಯೂ ಕಲಿಸಿದವರ ಮನಸ್ಸು ಯಾವ ವಿಷಯಗಳ ಕಡೆಗೆ ಹರಿದಿತ್ತು, ಅದರಿಂದ ಕನ್ನಡದ ಜನಕ್ಕೆ ಉಳಿದದ್ದೇನು?

ಮೈಸೂರಿನ ಕತೆಗೆ ಕಲ್ಕತ್ತದ ನಂಟಿದೆ. ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ 1905ರಲ್ಲೇ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ಬರೆದುಕೊಟ್ಟವರು ಬ್ರಜೇಂದ್ರನಾಥ ಶೀಲರು. ಕಲ್ಕತ್ತದಲ್ಲಿ ವಿಭಾಗ ತೆರೆದದ್ದು 1916ರಲ್ಲಿ. ಹಾರ್ವರ್ಡಿನಲ್ಲಿ ಮ್ಯೂನ್‌ಸ್ಟರ್‌ಬರ್ಗ್ ಅವರ ಬಳಿ ಕಲಿತುಬಂದ ನರೇಂದ್ರನಾಥ ಸೇನ್‌ಗುಪ್ತ ಅದರ ಹೊಣೆ ಹೊತ್ತರು. ಇದೇ ಶೀಲರು ಇಪ್ಪತ್ತರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅವರ ಕಾಲದಲ್ಲಿ ಇಲ್ಲಿ ಮನಶ್ಶಾಸ್ತ್ರ ಬೇರೆ ವಿಭಾಗವಾದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ವಿಭಾಗ ಕಟ್ಟಲು ಸಿಕ್ಕವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರು. ಬೇರೆಬೇರೆ ವಿಷಯಗಳಲ್ಲಿ ಒಬ್ಬ ಹುಡುಗ ತೆಗೆಯುವ ಅಂಕಗಳ ಹಿಂದೆ ಒಂದೇ ಸಾಮಾನ್ಯ ಬುದ್ಧಿಶಕ್ತಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದವರು ಸ್ಪಿಯರ್‌ಮನ್. ಕೈಕೆಲಸದ ಕಲಿಕೆಗೂ ಬುದ್ಧಿಗೂ ಇರುವ ಸಂಬಂಧವೇನು ಎಂಬುದು ಗೋಪಾಲಸ್ವಾಮಿಯವರು ಅಲ್ಲಿ ಹಿಡಿದ ಪ್ರಶ್ನೆ. ಆ ಕುರಿತ ಲೇಖನ 1924ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಥ ಕಲಿಕೆಯನ್ನು ಅಳೆಯಲು ಕನ್ನಡಿಯಲ್ಲಿ ಕಾಣುವ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗ ಇವತ್ತಿಗೂ ಬಿ.ಎ. ಪ್ರಾಯೋಗಿಕ ತರಗತಿಯಲ್ಲಿ ಇದೆ. ಕೈ ಒಂದು ಕಡೆ ಹೋದರೆ ಕಣ್ಣು ಇನ್ನೊಂದು ಕಡೆ ಎಳೆಯುವ ಆ ಪರದಾಟವನ್ನು ರೆಕಾರ್ಡ್ ಪುಸ್ತಕದಲ್ಲಿ ಗ್ರಾಫ್ ಹಾಕಿ ತೋರಿಸಿದ ವಿದ್ಯಾರ್ಥಿಗಳು ಈ ನಾಡಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಅದೇ ಬಗೆಯ ಪ್ರಶ್ನೆಗಳನ್ನು ಬೆನ್ನುಹತ್ತಿದ ಮೇಷ್ಟರೊಬ್ಬರು ನಮ್ಮ ಮೈಸೂರಿನಲ್ಲೇ ಇದ್ದರೆಂಬುದು ಗೊತ್ತಿರಲಾರದು. ಪಠ್ಯಪುಸ್ತಕ ಅದನ್ನು ಹೇಳುವುದಿಲ್ಲ, ಹೇಳಬೇಕಿತ್ತು.

ಗೋಪಾಲಸ್ವಾಮಿಯವರ ಹೆಸರು ಜನರ ಬಾಯಲ್ಲಿ ಉಳಿದಿರುವುದು ರೇಡಿಯೊದಿಂದ. 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ಅವರು ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಇದನ್ನು ಒಬ್ಬ ಪ್ರಾಧ್ಯಾಪಕರ ಹವ್ಯಾಸವೆಂದು ಬರೆಯುವವರಿದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಓದು ಬಾರದವರ ಮನೆಯೊಳಕ್ಕೆ ಮಾತು, ಸಂಗೀತ, ತಿಳಿವಳಿಕೆ ಕಳಿಸಬಹುದೆಂದು ನಂಬಿ ಕೈಯಿಂದ ಹಣ ಹಾಕಿದ ಮನುಷ್ಯನಿಗೆ ತನ್ನ ಶಾಸ್ತ್ರ ಯಾರಿಗಾಗಿ ಇದೆ ಎಂಬುದರ ಬಗ್ಗೆ ಸಂಶಯವಿರಲಿಲ್ಲ.

ಬುದ್ಧಿಮಾಪನದ ಕೆಲಸ ಮಾತ್ರ ಕನ್ನಡದಲ್ಲಿ ಗಟ್ಟಿಯಾಗಿ ನಡೆದದ್ದು ಮೈಸೂರು ಸಂಸ್ಥಾನದ ಆಚೆ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ. ಫ್ರಾನ್ಸಿನ ಬಿನೆ ರೂಪಿಸಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪರಿಷ್ಕಾರವಾದ ಪರೀಕ್ಷೆಯನ್ನು ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅದರ ವಿವರ 1934ರಲ್ಲಿ ಪ್ರಕಟವಾಯಿತು, 1940ರಲ್ಲಿ ಪುಸ್ತಕ ಬಂತು. ಮಕ್ಕಳನ್ನು ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು, ಯಾವ ಪ್ರಶ್ನೆಗೆ ಯಾವ ವಯಸ್ಸಿನವರು ಉತ್ತರಿಸುತ್ತಾರೆಂದು ನೋಡಿ, ಹೊಂದದ್ದನ್ನು ಬಿಟ್ಟು, ಜಾಗ ಬದಲಿಸಿ ಮಾಡಿದ ಕೆಲಸ ಅದು. ಬಿನೆ–ಕಾಮತ್ ಪರೀಕ್ಷೆ ಎಂದು ಹೆಸರಾದ ಇದು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಮಗುವನ್ನು ಕರೆದುಕೊಂಡು ಬರುವ ತಂದೆತಾಯಿ ಅನೇಕ ಕಡೆ ಎದುರಿಸುವುದು ಇದನ್ನೇ.

ಅಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ಆಮೇಲೆ ಬಂದವರು ಅಲ್ಲಿಗೇ ಬಿಟ್ಟರಲ್ಲ ಎಂಬುದು ನಮ್ಮ ಸಂಕಟ. 1930ರ ದಶಕದ ಮಗುವಿಗೆ ಶಾಲೆ, ಚಿತ್ರ, ಪುಸ್ತಕ, ಪೇಟೆ ಎಲ್ಲವೂ ಬೇರೆ. ತಲೆಮಾರು ಕಳೆದಂತೆ ಬುದ್ಧಿ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಏರುತ್ತ ಹೋಗುತ್ತದೆ ಎಂದು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದ ಮೇಲಂತೂ ಹಳೆಯ ಮಾನಕಗಳನ್ನು ಹಾಗೇ ಇಟ್ಟುಕೊಳ್ಳುವುದಕ್ಕೆ ಸಮರ್ಥನೆಯೇ ಇಲ್ಲ. ಹಳೆಯ ಅಳತೆಯಲ್ಲಿ ಮಗುವಿಗೆ ನಾಲ್ಕು ಅಂಕ ಹೆಚ್ಚು ಬಂದರೆ ಅದಕ್ಕೆ ಸಿಗಬೇಕಾದ ಸೌಲಭ್ಯ ತಪ್ಪಿಹೋಗಬಹುದು. ಕರ್ನಾಟಕದ ಯಾವ ಮನಶ್ಶಾಸ್ತ್ರ ವಿಭಾಗವಾದರೂ ಇದನ್ನು ತನ್ನ ಹತ್ತು ವರ್ಷದ ಕೆಲಸವಾಗಿ ಎತ್ತಿಕೊಳ್ಳಬಹುದಿತ್ತು.

ಇಂಥದ್ದು ಆಗುವುದಿಲ್ಲವೆಂದೇನಲ್ಲ. ಮೈಸೂರಿನಲ್ಲೇ, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಮಗ್ಗುಲಲ್ಲೇ, ಅದು ಆಗಿದೆ. 1960ರ ದಶಕದ ನಡುವೆ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಜೆ. ಭರತ್‌ರಾಜ್ ಮಕ್ಕಳ ಬೆಳವಣಿಗೆಯನ್ನು ಅಳೆಯುವ ಕಿರು ಪರೀಕ್ಷೆಯೊಂದನ್ನು ರೂಪಿಸಿದರು. ಹತ್ತು ಮರದ ಆಕಾರಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುವ ಸೆಗ್ವಿನ್ ಹಲಗೆಗೆ ಇಲ್ಲಿನ ಮಕ್ಕಳನ್ನು ನೋಡಿ ಮಾನಕ ಕೊಟ್ಟರು. ಮಾತು ಬಾರದ ಮಗುವಿನ ಎದುರಿಗೂ ಇಡಬಹುದಾದ ಪರೀಕ್ಷೆ ಅದು. ದೇಶದ ಮೂಲೆಮೂಲೆಯ ಮಕ್ಕಳ ಚಿಕಿತ್ಸಾಲಯಗಳಲ್ಲಿ ಅದು ಬಳಕೆಯಾಗುತ್ತಿದೆ. ಬಾಗಿಲಿಗೆ ಬಂದು ನಿಂತ ಮಕ್ಕಳಿದ್ದರು, ಅವರಿಗಾಗಿ ಉಪಕರಣ ಬೇಕಿತ್ತು, ಅದರಿಂದ ಸಂಶೋಧನೆ ಹುಟ್ಟಿತು.

ಮೈಸೂರು ವಿಭಾಗದ ಮುಖ್ಯಸ್ಥರಾಗಿದ್ದ ಬಿ. ಕುಪ್ಪುಸ್ವಾಮಿಯವರ ಹೆಸರಿನ ಅಳತೆಗೋಲೂ ಹೀಗೆಯೇ ಉಳಿದದ್ದು. ಮನೆಯ ಯಜಮಾನರ ಓದು, ಅವರ ಉದ್ಯೋಗ, ಕುಟುಂಬದ ವರಮಾನ ಈ ಮೂರಕ್ಕೆ ಅಂಕ ಕೊಟ್ಟು ಕೂಡಿದರೆ 3ರಿಂದ 29ರವರೆಗಿನ ಒಂದು ಸಂಖ್ಯೆ ಬರುತ್ತದೆ; ಅದರ ಮೇಲೆ ನಗರದ ಕುಟುಂಬಗಳು ಐದು ವರ್ಗಗಳಾಗಿ ನಿಲ್ಲುತ್ತವೆ. ಸಾಮಾಜಿಕ ಮನಶ್ಶಾಸ್ತ್ರದಲ್ಲಿ ಮುಳುಗಿದ್ದ ಮೇಷ್ಟರೊಬ್ಬರು ಮಾಡಿದ ಈ ಪಟ್ಟಿಯನ್ನು ಇಂದು ಹೆಚ್ಚಾಗಿ ಬಳಸುತ್ತಿರುವವರು ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು. ಬೆಲೆ ಏರಿದಂತೆ ವರಮಾನದ ಅಂಕಿಗಳನ್ನು ತಿದ್ದಿ ಮತ್ತೆಮತ್ತೆ ಪ್ರಕಟಿಸುತ್ತಿರುವವರೂ ಬಹುಮಟ್ಟಿಗೆ ಸಮುದಾಯ ವೈದ್ಯಶಾಸ್ತ್ರದವರೇ. ಮನಶ್ಶಾಸ್ತ್ರ ವಿಭಾಗಗಳು ತಮ್ಮ ಹಿರಿಯರ ಗದ್ದೆಯನ್ನು ಪರರಿಗೆ ಗುತ್ತಿಗೆ ಕೊಟ್ಟು ಸುಮ್ಮನಾದಂತಿದೆ.

1960ರ ನಂತರ ವಿಭಾಗ ಮಾನಸಗಂಗೋತ್ರಿಗೆ ಬಂದು ಬೆಳೆಯಿತು. ಪಿಎಚ್.ಡಿ.ಗಳ ಸಂಖ್ಯೆ ಏರಿತು. ಆದರೆ ಆ ಕಾಲದಲ್ಲಿ ಇಡೀ ದೇಶದ ಮನಶ್ಶಾಸ್ತ್ರಕ್ಕೆ ಹಿಡಿದ ಕಾಯಿಲೆ ನಮ್ಮನ್ನೂ ಬಿಡಲಿಲ್ಲ. ಅಮೆರಿಕದ ಪ್ರಶ್ನಾವಳಿಯೊಂದನ್ನು ತರುವುದು, ಇನ್ನೂರು ಮುನ್ನೂರು ಶಿಕ್ಷಕರಿಗೋ ಕಾಲೇಜು ವಿದ್ಯಾರ್ಥಿಗಳಿಗೋ ಹಂಚುವುದು, ಆತಂಕಕ್ಕೂ ಸಾಧನೆಗೂ, ಉದ್ಯೋಗ ತೃಪ್ತಿಗೂ ವ್ಯಕ್ತಿತ್ವಕ್ಕೂ ಸಹಸಂಬಂಧ ಲೆಕ್ಕ ಹಾಕಿ ಪ್ರಬಂಧ ಕಟ್ಟುವುದು. 1974ರಲ್ಲೇ ಆಶೀಷ್ ನಂದಿ ಭಾರತೀಯ ಮನಶ್ಶಾಸ್ತ್ರದ ಬಿಕ್ಕಟ್ಟಿನ ಬಗ್ಗೆ ಕಟುವಾಗಿ ಬರೆದರು. ಅಲಹಾಬಾದಿನಲ್ಲಿ ವಿಭಾಗ ಕಟ್ಟಿದ ದುರ್ಗಾನಂದ ಸಿನ್ಹಾ ಬಡತನ, ಅವಕಾಶವಂಚಿತ ಸ್ಥಿತಿ, ಹಳ್ಳಿಯ ಬದಲಾವಣೆಗಳನ್ನೇ ಸಂಶೋಧನೆಯ ವಸ್ತುವಾಗಿ ಹಿಡಿದು, 1986ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಎರವಲು ಅಭ್ಯಾಸವನ್ನು ವಿವರವಾಗಿ ಪರೀಕ್ಷಿಸಿದರು. ಅಲಹಾಬಾದಿಗೆ ಒಂದು ಮುಖ ಬಂದದ್ದು ಒಂದೇ ಪ್ರಶ್ನೆಗೆ ಹಲವು ಮೇಷ್ಟರುಗಳು ಹೆಗಲು ಕೊಟ್ಟದ್ದರಿಂದ. ನಮ್ಮಲ್ಲಿ ಒಬ್ಬೊಬ್ಬರೂ ತಮ್ಮತಮ್ಮ ದಾರಿ ಹಿಡಿದರು. ಅವರು ನಿವೃತ್ತರಾದಾಗ ಅವರ ವಿಷಯವೂ ನಿವೃತ್ತವಾಯಿತು.

ಒಂದು ಧಾರೆ ಮಾತ್ರ ಕಡಿಯದೆ ಹರಿದಿದೆ. ಎಸ್.ಕೆ. ರಾಮಚಂದ್ರರಾಯರು ಭಾರತದಲ್ಲಿ ಮನಶ್ಶಾಸ್ತ್ರೀಯ ಚಿಂತನೆ ಬೆಳೆದ ಬಗೆಯನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು 1962ರಲ್ಲಿ ಮೈಸೂರಿನಿಂದಲೇ ಪ್ರಕಟಿಸಿದರು. ಸಂಸ್ಕೃತ, ಪಾಳಿ ಗ್ರಂಥಗಳನ್ನು ಬಲ್ಲ ಅವರು ಬೆಂಗಳೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟರೂ ಆಗಿದ್ದರು. ಮಾನಸಗಂಗೋತ್ರಿಯಲ್ಲಿ ಎಸ್.ಕೆ. ಕಿರಣ್ ಕುಮಾರ್ ಧ್ಯಾನ, ಪ್ರಜ್ಞೆಯ ಸ್ಥಿತಿಗಳು, ಅಹಂಕಾರದ ಕಲ್ಪನೆ ಇವನ್ನು ಭಾರತೀಯ ದರ್ಶನಗಳ ನೆಲೆಯಿಂದ ನೋಡುವ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಈ ಧಾರೆಯ ಬಗ್ಗೆ ನಮಗೆ ಗೌರವವಿದೆ, ಒಂದು ಕೊರಗೂ ಇದೆ. ಭಾರತೀಯ ಎಂದಾಗ ಉಪನಿಷತ್ತು, ಯೋಗಸೂತ್ರಗಳತ್ತ ಹೋದಷ್ಟು ಸುಲಭವಾಗಿ ನಮ್ಮ ವಿದ್ವಾಂಸರ ಗಮನ ವಚನಗಳತ್ತ, ದಾಸರ ಪದಗಳತ್ತ, ಮಂಟೇಸ್ವಾಮಿ ನೀಲಗಾರರ ಹಾಡಿನತ್ತ, ದೆವ್ವ ಬಿಡಿಸುವ ಗುಡಿಯ ಅಂಗಳದತ್ತ ಹೋಗಲಿಲ್ಲ. ಮನಸ್ಸಿನ ಅಲೆದಾಟ, ಆಸೆ, ದುಃಖಗಳ ವಿಷಯದಲ್ಲಿ ಕನ್ನಡದಲ್ಲಿ ಒಂಬೈನೂರು ವರ್ಷದ ಮಾತುಕತೆ ಇದೆ. ಅದು ಸಾಹಿತ್ಯ ವಿಭಾಗದ ಆಸ್ತಿ ಎಂದು ಬಿಟ್ಟುಕೊಟ್ಟೆವು.

ರೋಗಿಗಳ ಕಡೆಗೆ ಒಲವಿದ್ದವರು ಬೆಂಗಳೂರಿಗೆ ಹೋದರು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿಗೂ ಅದೇ ನೆಲೆಯಾಯಿತು. 1974ರಿಂದ ಅದನ್ನು ನಿಮ್ಹಾನ್ಸ್ ಎಂದು ಕರೆಯುತ್ತೇವೆ. ಅಲ್ಲಿನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದ ಡಾ. ಸಿ.ಆರ್. ಚಂದ್ರಶೇಖರ್ ಅಲ್ಲಿ ಮನೋವೈದ್ಯರಾಗಿದ್ದವರು. ಜನರ ಜೊತೆ ಕನ್ನಡದಲ್ಲಿ ಮಾತನಾಡುವ ಹೊಣೆಯನ್ನು ಮನಶ್ಶಾಸ್ತ್ರದ ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ವೈದ್ಯರು ಹೊತ್ತರೆಂಬುದನ್ನು ಒಪ್ಪಿಕೊಳ್ಳಬೇಕು. ಹಾಗೆಂದು ವೈದ್ಯರಿಂದಲೇ ಮುಗಿಯುವ ಕೆಲಸ ಅದಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಇವತ್ತು ವಿಭಾಗದ ಮೆಟ್ಟಿಲು ಹತ್ತುವ ವಿದ್ಯಾರ್ಥಿಗಳು ಈ ಅಂಕಿಯನ್ನು ತಿಳಿದೇ ಬರುತ್ತಾರೆ. ಬಹಳ ಮಂದಿಗೆ ಆಪ್ತಸಮಾಲೋಚಕರಾಗಬೇಕು. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದ ಹೆಣ್ಣುಮಕ್ಕಳು ಅವರಲ್ಲಿ ಬಹಳ. ಎದುರು ಕುಳಿತವರ ನೋವನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳುವ ಶಕ್ತಿ ಇವರಿಗೆ ಮೊದಲೇ ಇದೆ, ಅದು ದೊಡ್ಡ ಬಂಡವಾಳ. ಆದರೆ ಎಂ.ಎ. ಎರಡು ವರ್ಷದಲ್ಲಿ ಅವರು ಓದುವ ಪ್ರಕರಣಗಳೆಲ್ಲ ಇಂಗ್ಲಿಷಿನ ಪುಸ್ತಕದವು. ಕಲಿಸುವವರಲ್ಲಿ ಕಾಯಂ ಪ್ರಾಧ್ಯಾಪಕರು ಕಡಿಮೆಯಾಗುತ್ತ, ವರ್ಷದಿಂದ ವರ್ಷಕ್ಕೆ ಕೆಲಸ ಉಳಿಯುವುದೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರು ಹೆಚ್ಚುತ್ತಿದ್ದಾರೆ. ಮುಂದಿನ ವರ್ಷದ ಭರವಸೆಯಿಲ್ಲದ ಮೇಷ್ಟರಿಂದ ಹತ್ತು ವರ್ಷದ ಸಂಶೋಧನೆ ಕೇಳುವುದು ಅನ್ಯಾಯ. ಒಂದು ವಿಭಾಗ ಏನನ್ನು ಕುರಿತು ಯೋಚಿಸುತ್ತದೆ ಎಂಬುದು ಕೊನೆಗೆ ನೇಮಕಾತಿಯ ಪ್ರಶ್ನೆಯೂ ಹೌದು. ಸರ್ಕಾರ ಇದನ್ನು ಬೇಗ ಕಿವಿಗೆ ಹಾಕಿಕೊಳ್ಳಬೇಕು.

ಹಣವಿಲ್ಲದೆಯೂ ಶುರು ಮಾಡಬಹುದಾದ ಒಂದು ಕೆಲಸವಿದೆ. ಕಳೆದ ಐವತ್ತು ಅರವತ್ತು ವರ್ಷಗಳ ಪ್ರಬಂಧಗಳನ್ನು ತೆಗೆದು ನೋಡಿದರೆ ಅನೇಕವುಗಳ ಕೊನೆಯ ಅನುಬಂಧದಲ್ಲಿ ಕನ್ನಡ ಪ್ರಶ್ನಾವಳಿ ಸಿಗುತ್ತದೆ. ಖಿನ್ನತೆ, ಒತ್ತಡ, ಆತ್ಮವಿಶ್ವಾಸ, ದಾಂಪತ್ಯ, ಮಕ್ಕಳ ಹಟ ಹೀಗೆ ಬೇಕಾದಷ್ಟು ವಿಷಯಗಳ ಮೇಲೆ ಯಾರೋ ಕಷ್ಟಪಟ್ಟು ಕನ್ನಡ ಮಾಡಿ, ಹಳ್ಳಿಹಳ್ಳಿಗೆ ಹೋಗಿ ನೂರಾರು ಜನರಿಂದ ಉತ್ತರ ತುಂಬಿಸಿದ್ದಾರೆ. ಪದವಿ ಬಂದ ಮೇಲೆ ಅವುಗಳಲ್ಲಿ ಬಹುಪಾಲು ಕಪಾಟಿನಲ್ಲೇ ಕುಳಿತಿವೆ. ಮುಂದಿನ ಸಂಶೋಧಕರು ಅದೇ ಪ್ರಶ್ನಾವಳಿಯನ್ನು ಮತ್ತೆ ಮೊದಲಿನಿಂದ ಕನ್ನಡ ಮಾಡುತ್ತಾರೆ. ಮೈಸೂರು, ಧಾರವಾಡ, ಬೆಂಗಳೂರು ವಿಭಾಗಗಳು ಒಟ್ಟಿಗೆ ಕುಳಿತು, ಎಂ.ಎ. ವಿದ್ಯಾರ್ಥಿಗಳಿಗೆ ಇದನ್ನೇ ಕಿರುಪ್ರಬಂಧವಾಗಿ ಕೊಟ್ಟು, ಯಾವ ಪ್ರಶ್ನಾವಳಿ ಯಾವ ವರ್ಷ ಎಷ್ಟು ಜನರ ಮೇಲೆ ಬಳಕೆಯಾಯಿತು, ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಒಂದು ಪಟ್ಟಿಯಲ್ಲಿ ತರಲಿ. ಹಳೆಯ ಟೈಪ್ ಪ್ರತಿಗಳು ಮಾಸುವ ಮೊದಲು ಈ ಕೆಲಸ ಆಗಬೇಕು. ಅವನ್ನು ಬರೆದವರು, ಬರೆಸಿದವರು ಕೆಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ತಿಳಿದುಕೊಳ್ಳಬೇಕು. ಮುಂದಿನ ಶೈಕ್ಷಣಿಕ ವರ್ಷದ ಮೊದಲ ವಿಭಾಗ ಸಭೆಯಲ್ಲೇ ಇದು ಕಾರ್ಯಸೂಚಿಗೆ ಬರಲಿ.