ಅಜ್ಜಿ ಹಬ್ಬಕ್ಕೆ ಊರಿಗೆ ಹೋಗಲ್ವಾ?

ರಜೆಯಲ್ಲಿ ಅಕ್ಕನ ಮಗಳನ್ನು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಕರೆದೊಯ್ದಿದ್ದೆ. ಎರಡನೇ ಕ್ಲಾಸಿನ ಹುಡುಗಿ. ಮಣಿಸರ ಮಾರುತ್ತಿದ್ದ ಟಿಬೆಟನ್ ಅಜ್ಜಿ ಕನ್ನಡದಲ್ಲೇ ಮಾತನಾಡಿಸಿದ್ದು ಕಂಡು, ‘ಇವರ ಊರು ಯಾವುದು? ಹಬ್ಬಕ್ಕೆ ಹೋಗಲ್ವಾ?’ ಎಂದಳು. ‘ತುಂಬಾ ದೂರ’ ಎಂದು ಜಾರಿಕೊಂಡೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ‘1959, ದಲೈ ಲಾಮಾ’ ಬಾಯಿಪಾಠ ಮಾಡಿದವನಿಗೆ ಮಗುವಿಗೆ ಹೇಳಲು ಮಾತೇ ಸಿಗಲಿಲ್ಲ!

ಬಸ್ಸಿನಲ್ಲಿ ಮತ್ತೆ ಅದೇ ಪ್ರಶ್ನೆ. ಈ ಸಲ ಹೇಳಿದೆ: ‘ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರೂ ದಸರೆಗೆ ವಾಪಸ್ ಬರ್ತೀನಿ. ಅವರಿಗೆ ಹಾಗಲ್ಲ. ಅವರ ನಾಡನ್ನು ಚೀನಾ ಸೈನ್ಯ ಹಿಡಿಯಿತು. ಜನ ಎದುರು ನಿಂತಾಗ ಗುಂಡು ಹಾರಿದವು. ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಆಗಿನ ಮೈಸೂರು ಸರ್ಕಾರ ಇಲ್ಲಿ ಕಾಡು ಜಮೀನು ಕೊಟ್ಟಿತು. ಅದನ್ನೇ ಹಸನು ಮಾಡಿ ಮೆಕ್ಕೆಜೋಳ ಬೆಳೆದರು.’

ಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ನಾವು ಹೇಳದಿದ್ದರೆ ‘ಹೊರಗಿನವರು ಬಂದು ತುಂಬಿಕೊಂಡಿದ್ದಾರೆ’ ಎಂಬ ವಾಟ್ಸ್ಆ್ಯಪ್ ಉತ್ತರ ಅವರನ್ನು ಮೊದಲು ತಲುಪುತ್ತದೆ. ರಕ್ತದ ವಿವರ ಬೇಡ. ಬೇಕೆಂದು ಮನೆ ಬಿಟ್ಟವರಲ್ಲ ಎಂದರೆ ಮಗುವಿಗೆ ಅರ್ಥವಾಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಅಜ್ಜಿ ಆಗ ನನ್ನಷ್ಟಿದ್ರಾ? ಬರುವಾಗ ಆಟಿಕೆ ತಂದ್ರಾ?’

ಗೊತ್ತಿಲ್ಲ ಎಂದೆ. ಮುಂದಿನ ಸಲ ಅಜ್ಜಿಯನ್ನೇ ಕೇಳುತ್ತಾಳಂತೆ.