ಸೇತುವೆ ಬಂದ ಮೇಲೆ ದೋಣಿಗೇನು ಗತಿ?

ಹೊಸದು ಬಂದೊಡನೆ ಹಳೆಯದನ್ನು ಗುಜರಿಗೆ ಹಾಕುವುದೇ ಪ್ರಗತಿಯೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಹಳೆಯದೆಲ್ಲವೂ ಪೂಜ್ಯವೆಂದು ಮತ್ತೆ ಕೆಲವರು. ಈ ಎರಡು ಪಂಗಡಗಳಿಗೂ ಒಪ್ಪಿಗೆಯಾಗದ ಒಂದು ಮಾತನ್ನು ಹೇಳಬೇಕೆಂದು ನನ್ನ ಉದ್ದೇಶ. ಅದಕ್ಕೆ ದೂರದ ಅಮೆರಿಕದ ಒಂದು ಹಬೆಹಡಗನ್ನು ಸಾಕ್ಷಿಗೆ ಕರೆಯುತ್ತೇನೆ.

ಓಹಾಯೋ ನದಿಯ ದಡದ ಲೂಯಿವಿಲ್ ನಗರದಲ್ಲಿರುವ ಆ ಹಡಗಿನ ಹೆಸರು 'ಬೆಲ್ ಆಫ್ ಲೂಯಿವಿಲ್'. 1914ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಕಟ್ಟಿದಾಗ ಅದನ್ನು 'ಐಡಲ್‌ವೈಲ್ಡ್' ಎಂದು ಕರೆಯುತ್ತಿದ್ದರು. ಬಾಯ್ಲರಿನ ಹಬೆ ಕೊಂತವನ್ನು ತಳ್ಳುತ್ತದೆ. ಉದ್ದನೆಯ ತೋಳುಗಳು ಹಿಂಬದಿಯ ದೊಡ್ಡ ಗಾಲಿಯನ್ನು ತಿರುಗಿಸುತ್ತವೆ. ಗಾಲಿಯ ಹಲಗೆಗಳು ನೀರನ್ನು ಹೊಡೆದು ಹಡಗನ್ನು ಮುಂದೆ ನೂಕುತ್ತವೆ. ಮೊದಲು ಅದು ಮೆಂಫಿಸ್ ನಗರದ ಬಳಿ ಮಿಸಿಸಿಪಿ ನದಿಯಲ್ಲಿ ಜನರನ್ನು ದಾಟಿಸುತ್ತಿತ್ತು, ಹತ್ತಿ ಮತ್ತು ಧಾನ್ಯ ಹೊರುತ್ತಿತ್ತು. ರೈಲು, ರಸ್ತೆ, ಸೇತುವೆಗಳು ಹೆಚ್ಚಿದಂತೆ ಅಂಥ ಹಡಗುಗಳು ಮರೆಯಾದವು. ಇದು ಮಾತ್ರ ವಿಹಾರದ ಹಡಗಾಗಿ ಉಳಿಯಿತು. 1962ರಲ್ಲಿ ಹರಾಜಿಗೆ ಬಂದಾಗ ಅಲ್ಲಿಯ ಜೆಫರ್ಸನ್ ಕೌಂಟಿ ಆಡಳಿತವು 34,000 ಡಾಲರಿಗೆ ಕೊಂಡು, ದುರಸ್ತಿ ಮಾಡಿಸಿ, 1963ರ ಏಪ್ರಿಲ್ 30ರಂದು ಮತ್ತೆ ನದಿಗಿಳಿಸಿತು. 1989ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ಅದರ ವಿಹಾರವೆಂದರೆ ಹೊರಟ ಕಟ್ಟೆಗೇ ಮರಳಿ ಬರುವ ಪಯಣ. ಎಲ್ಲಿಗೂ ತಲುಪದ ಪಯಣದಿಂದ ಏನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನವುಂಟು. ಹಡಗನ್ನು ದಡಕ್ಕೆಳೆದು ಬೇಲಿ ಹಾಕಿದ್ದರೆ ಕಬ್ಬಿಣವಷ್ಟೇ ಉಳಿಯುತ್ತಿತ್ತು; ಅದನ್ನು ನಡೆಸುವ ಕೈಗಳ ವಿದ್ಯೆ ಒಂದೇ ತಲೆಮಾರಿನಲ್ಲಿ ಅಳಿಯುತ್ತಿತ್ತು. ಯಂತ್ರವನ್ನು ಉಳಿಸುವುದೆಂದರೆ ಅದನ್ನು ಬಲ್ಲವನಿಗೆ ಕೆಲಸ ಕೊಡುವುದು.

ಈ ವಿಷಯ ನನ್ನನ್ನು ತಟ್ಟಲು ಕಾರಣವಿದೆ. ನಾನು ಶರಾವತಿ ಹಿನ್ನೀರಿನ ಆಚೆ ದಡದವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಊರುಗಳು ಮುಳುಗಿ, ನಮ್ಮ ಸೀಮೆಯವರಿಗೆ ಲಾಂಚೇ ಹೆದ್ದಾರಿಯಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅದಕ್ಕೂ ಮುಂಚೆ ಲಾಂಚಿನ ಮೆಟ್ಟಿಲು ಹತ್ತಬೇಕಾಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮನೆಯ ದೀಪ ಎದುರಿಗಿದ್ದರೂ ರಾತ್ರಿ ಈಚೆಯೇ. ರೋಗಿಗಳ, ಬಸುರಿಯರ ಪಾಡನ್ನು ವರ್ಣಿಸಬೇಕಾಗಿಲ್ಲ. ಆದುದರಿಂದ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ನಮ್ಮೂರಿನಲ್ಲಿ ಯಾರೂ ಲಾಂಚಿಗಾಗಿ ಕಣ್ಣೀರಿಡಲಿಲ್ಲ. ನಿಟ್ಟುಸಿರು ಬಿಟ್ಟವರು ವರ್ಷಕ್ಕೊಮ್ಮೆ ಸಿಗಂದೂರಿಗೆ ಬಂದು, ಚಿತ್ರ ತೆಗೆದುಕೊಂಡು ಹೋಗುತ್ತಿದ್ದವರು.

ಆದರೂ ರಜಾದಿನಗಳಲ್ಲಿ ಒಂದು ಲಾಂಚಾದರೂ ಆ ನೀರಿನ ಮೇಲೆ ಓಡುತ್ತಿರಬೇಕೆಂಬುದು ನನ್ನ ಅಭಿಪ್ರಾಯ. ಅದು ಲೂಯಿವಿಲ್ಲಿನ ಹಡಗಿನಷ್ಟು ಪುರಾತನವೂ ಅಲ್ಲ, ಸುಂದರವೂ ಅಲ್ಲ. ಆದರೆ ಬೇಸಗೆಯಲ್ಲಿ ನೀರಿಳಿದಾಗ ಯಾವ ಬೊಡ್ಡೆ ಎಲ್ಲಿ ತಲೆಯೆತ್ತುತ್ತದೆ, ಕೆಳಗೆ ಯಾರ ಗದ್ದೆಯಿತ್ತು ಎಂಬುದನ್ನು ಬಲ್ಲವರು ಅದನ್ನು ನಡೆಸಿದವರು. ಅವರ ಬಾಯಿಂದಲೇ ಮುಳುಗಿದ ಊರುಗಳ ಕಥೆಯನ್ನು ಪ್ರವಾಸಿಗರು ಕೇಳಲಿ.

ಶಾಲೆ ಆಸ್ಪತ್ರೆಗಳಿಗೇ ಹಣ ಸಾಲದಿರುವಾಗ ಇದೇಕೆಂಬ ಆಕ್ಷೇಪಣೆ ನ್ಯಾಯವಾದುದೇ. ಅವು ಮೊದಲು, ವಿಹಾರ ಆಮೇಲೆ. ಈ ಕ್ರಮ ತಪ್ಪಬಾರದು. ಸೇತುವೆಯಿಲ್ಲದ ಕಡೆ ಲಾಂಚನ್ನು ಹೊಗಳುವುದು ಕ್ರೌರ್ಯ. ಸೇತುವೆಯಾದ ಮೇಲೆ ಅದನ್ನು ಮರೆಯುವುದು ಕೃತಘ್ನತೆ. ಬೇರೆ ದಾರಿಯುಳ್ಳವನಿಗಷ್ಟೇ ದೋಣಿ ವಿಹಾರವಾಗಬಲ್ಲದು. ನನ್ನ ತಾಯಿ ಇಷ್ಟು ವರ್ಷ ಆ ನೀರನ್ನು ದಾಟಿದ್ದಾಳೆಯೇ ಹೊರತು ನೋಡಿಲ್ಲ. ಇನ್ನು ಮುಂದೆ ಒಂದು ಭಾನುವಾರ, ಗಡಿಯಾರದ ಹಂಗಿಲ್ಲದೆ, ಟಿಕೇಟು ಕೊಂಡು ಕುಳಿತು ನೋಡುವ ಹಕ್ಕು ಅವಳಿಗೂ ಇರಲಿ.