ಔಷಧಿ ಹೊಡೆಯುವ ಮೊದಲು ಹುಳದ ವಯಸ್ಸು ನೋಡಿ

ಗೆಳೆಯ ಗೆಳತಿಯರೇ, ಕಳೆದ ಶನಿವಾರ ಮಕ್ಕಳ ಸಭೆಯಲ್ಲಿ ಕೈತೋಟದ ಅಲಸಂದೆಗೆ ಹುಳ ಬಿದ್ದಿದೆ, ಔಷಧಿ ಹೊಡೆಸಬೇಕು ಅಂತ ತುಂಬಾ ಜನ ಕೈ ಎತ್ತಿದಿರಿ. ನಾನು ಎತ್ತಲಿಲ್ಲ. ಯಾಕೆ ಅಂತ ಹೇಳುವಷ್ಟರಲ್ಲಿ ಗಂಟೆ ಹೊಡೆದುಬಿಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಲಸಂದೆಯ ಕುಡಿಯಲ್ಲಿ ಕಪ್ಪಗೆ ಗುಂಪಾಗಿ ಕೂತಿರುವುದು ಹೇನು. ಅದು ರಸ ಹೀರುತ್ತೆ, ಕುಡಿ ಮುರುಟಿಕೊಳ್ಳುತ್ತೆ. ಅದು ಶತ್ರು, ಒಪ್ಪುತ್ತೇನೆ. ಆದರೆ ಅದೇ ಕುಡಿಯಲ್ಲಿ ಇನ್ನೊಂದು ಹುಳ ಓಡಾಡುತ್ತಿರುತ್ತೆ. ಕಪ್ಪು ಬೂದು ಬಣ್ಣ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಆರು ಕಾಲು, ನೋಡೋಕೆ ಸಣ್ಣ ಮೊಸಳೆ ಮರಿ ಥರ. ಅಸಹ್ಯವಾಗಿದೆ ಅಂತ ಎಲ್ಲರೂ ಮೊದಲು ಹೊಸಕುವುದು ಇದನ್ನೇ. ಅದು ಗುಲಗಂಜಿ ಹುಳದ ಮರಿ! ಅದರ ಊಟವೇ ಹೇನು. ರೆಕ್ಕೆ ಬರುವಷ್ಟರಲ್ಲಿ ನೂರಾರು ಹೇನು ತಿಂದು ಮುಗಿಸುತ್ತೆ. ಕೆಂಪು ಬೆನ್ನಿನ ದೊಡ್ಡ ಗುಲಗಂಜಿ ಹುಳ ಸಿಕ್ಕಿದರೆ ಬೆಂಕಿಪೊಟ್ಟಣದಲ್ಲಿಟ್ಟು ಮುದ್ದು ಮಾಡುತ್ತೀರಿ. ತಾಯಿಗೆ ಮುದ್ದು, ಮರಿಗೆ ಗುದ್ದು. ಇದು ಯಾವ ನ್ಯಾಯ?

ಮೊಟ್ಟೆ, ಲಾರ್ವಾ, ಕೋಶ, ಪ್ರೌಢ ಕೀಟ ಅಂತ ನಾವೆಲ್ಲ ಬಾಯಿಪಾಠ ಮಾಡಿ ಅಂಕ ತಗೊಂಡಿದ್ದೇವೆ. ಮಿಡತೆ, ಜಿರಲೆಗಳಿಗೆ ಕೋಶದ ಹಂತ ಇಲ್ಲ, ಅವುಗಳ ಮರಿ ಹೆಚ್ಚುಕಡಿಮೆ ದೊಡ್ಡದರ ಹಾಗೇ ಇರುತ್ತೆ, ರೆಕ್ಕೆ ಮಾತ್ರ ಇರಲ್ಲ. ಆದರೆ ಗುಲಗಂಜಿ ಹುಳ, ಚಿಟ್ಟೆ, ಸೊಳ್ಳೆ, ನೊಣ ಇವೆಲ್ಲ ಒಂದೇ ಜನ್ಮದಲ್ಲಿ ನಾಲ್ಕು ವೇಷ ಹಾಕುತ್ತವೆ. ಪರೀಕ್ಷೆಯಲ್ಲಿ ಚಿತ್ರ ಬರೆದವರು ಗಿಡದ ಹತ್ತಿರ ಹೋದಾಗ ಮರೆತರೆ ಹೇಗೆ?

ನಮ್ಮೂರಲ್ಲಿ ರೇಷ್ಮೆ ಸಾಕುವವರು ಇದನ್ನು ಮರೆಯುವ ಹಾಗೇ ಇಲ್ಲ. ನಮ್ಮ ಮನೆಯಲ್ಲಿ ಹುಳದ ವಯಸ್ಸೇ ಪಂಚಾಂಗ. ಚಾಕಿ ಹುಳಕ್ಕೆ ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳ ತಿನ್ನೋದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂತರೆ ಜ್ವರಕ್ಕೆ ಕೂತಿದೆ ಅಂತೀವಿ. ಅದು ಕಾಯಿಲೆ ಅಲ್ಲ, ಪೊರೆ ಬಿಡುವ ಸಮಯ. ಮೈ ಬೆಳೆದ ಹಾಗೆ ಹಳೇ ಚರ್ಮ ಸಾಲದೆ ಬಿಗಿಯಾಗುತ್ತೆ, ಅದಕ್ಕೆ ಕಳಚಿ ಹಾಕುತ್ತೆ. ಹೀಗೆ ನಾಲ್ಕು ಜ್ವರ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಬಕಾಸುರನೇ ಸರಿ. ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರದ್ದೇ. ರಾತ್ರಿ ಮಲಗಿದರೆ ಹೊರಗೆ ಮಳೆ ಬಂದ ಹಾಗೆ ಸದ್ದು ಕೇಳುತ್ತೆ. ಆಮೇಲೆ ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು. ಒಳಗೆ ಕೋಶ. ಮಾರದೆ ಹಾಗೇ ಬಿಟ್ಟರೆ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಬರುತ್ತೆ, ನೂಲು ಹಾಳು. ಪಾಪ, ಆ ಚಿಟ್ಟೆ ಏನೂ ತಿನ್ನಲ್ಲ, ಹಾರೋಕೂ ಬರಲ್ಲ. ಮೊಟ್ಟೆ ಇಟ್ಟು ಸಾಯುತ್ತೆ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಕೈತೋಟದ ಬೇಲಿ ಆಚೆಗೆ ಇರುವುದು ಹಿಪ್ಪುನೇರಳೆ. ಹೋದ ವರ್ಷ ಪಕ್ಕದ ಹೊಲದಲ್ಲಿ ಟೊಮೊಟೊಗೆ ಹೊಡೆದ ಔಷಧಿ ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬಿತ್ತು. ನಾಲ್ಕನೇ ಜ್ವರ ಎದ್ದಿದ್ದ ಹುಳ ತಲೆ ಅಲ್ಲಾಡಿಸಿ, ಹಸಿರು ನೀರು ಕಕ್ಕಿ ಸತ್ತವು. ಅಮ್ಮ ಮಂಕರಿಗಟ್ಟಲೆ ಹೊತ್ತು ಗುಂಡಿಗೆ ಹಾಕಿದರು. ಅಕ್ಕನ ಕಾಲೇಜು ಫೀಸಿಗೆ ಅಂತ ನಂಬಿದ್ದು ಅದೇ ಬೆಳೆಯನ್ನು. ಹೊಡೆದವರ ಹೆಸರು ನಾನು ಬರೆಯುವುದಿಲ್ಲ. ಔಷಧಿಗೆ ಹೇನು ಯಾವುದು, ರೇಷ್ಮೆ ಹುಳ ಯಾವುದು ಅಂತ ಗೊತ್ತಾಗಲ್ಲ, ಅಷ್ಟೇ. ಜೊತೆಗೆ ಕೈತೋಟದ ಅಲಸಂದೆ ಹೋಗುವುದು ಬಿಸಿಯೂಟದ ಸಾರಿಗೆ, ಅದನ್ನೂ ಯೋಚಿಸಿ.

ಹಾಗಂತ ಹುಳ ಎಲ್ಲಾ ಒಳ್ಳೆಯವು ಅಂತ ನಾನು ಹೇಳುತ್ತಿಲ್ಲ. ಉಜಿ ನೊಣ ಇದೆಯಲ್ಲ, ಅದು 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಿದ್ದು. ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಅದರ ಮರಿ ಹುಳದ ಮೈ ಒಳಗೇ ತಿಂದು ಬೆಳೆಯುತ್ತೆ. ಅದಕ್ಕೆ ಕಿಟಕಿಗೆ ನೈಲಾನ್ ಪರದೆ ಕಟ್ಟುತ್ತೇವೆ. ಇನ್ನೂ ಒಂದು ಉಪಾಯ ಇದೆ. ಉಜಿಯ ಕೋಶದೊಳಗೆ ತನ್ನ ಮೊಟ್ಟೆ ಇಡುವ ಇರುವೆಗಿಂತ ಸಣ್ಣ ಕಣಜವನ್ನು ಹುಳದ ಮನೆಯಲ್ಲಿ ಬಿಡುತ್ತಾರೆ. ಹಾರುವ ನೊಣವನ್ನು ಹಿಡಿಯಲಾಗದು, ಅಲ್ಲಾಡದೆ ಬಿದ್ದಿರುವ ಕೋಶವನ್ನು ಹಿಡಿಯಬಹುದು!

ಸೊಳ್ಳೆಯೂ ಹಾಗೇ. ಕೈ ತೊಳೆಯುವ ಡ್ರಮ್ಮಿನಲ್ಲಿ ತಲೆ ಕೆಳಗೆ ಮಾಡಿ ನೇತಾಡುವ ಹುಳ ಇವೆ, ಬಾಲದ ಹತ್ತಿರದ ಕೊಳವೆಯಲ್ಲಿ ಉಸಿರಾಡುತ್ತವೆ. ಸುಮಾರು ಹತ್ತು ದಿನದಲ್ಲಿ ಅವೇ ಸೊಳ್ಳೆ. ವಾರಕ್ಕೊಂದು ಸಲ ಡ್ರಮ್ಮು ಬರಿದು ಮಾಡಿ ಒಳಗೆಲ್ಲ ಉಜ್ಜಿದರೆ ಒಂದಕ್ಕೂ ರೆಕ್ಕೆ ಬರಲ್ಲ. ಔಷಧಿಗೆ ಕೈ ಎತ್ತಿದವರಲ್ಲಿ ಈ ಕೆಲಸಕ್ಕೆ ಎಷ್ಟು ಜನ ಬರುತ್ತೀರಿ?

ಔಷಧಿ ಇಲ್ಲದೆ ಹೇನು ಹೋಗುವುದು ಹೇಗೆ ಅಂತ ಕೇಳಬಹುದು. ತುಂಬಾ ಹೇನು ಹತ್ತಿದ ಕುಡಿಯನ್ನು ಚಿವುಟಿ ಹೂಳೋಣ. ಉಳಿದದ್ದಕ್ಕೆ ಬೆಳಿಗ್ಗೆ ನೀರು ಜೋರಾಗಿ ಎರಚಿ ಉದುರಿಸೋಣ. ಮರಿ ಇರುವ ಕುಡಿಗಳನ್ನು ಮಾತ್ರ ಅವುಗಳ ಪಾಡಿಗೆ ಬಿಡೋಣ. ಹದಿನೈದು ದಿನ ಸಮಯ ಕೊಡಿ, ಮೇಷ್ಟ್ರೇ.

ನೀರಿನ ಟ್ಯಾಂಕ್ ಕಡೆಯಿಂದ ಮೂರನೇ ಸಾಲಿನಲ್ಲಿ ಒಂದು ಎಲೆಯ ಅಡಿಯಲ್ಲಿ ಗುಲಗಂಜಿ ಹುಳದ ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿವೆ. ಗುರುತಿಗೆ ಕೆಂಪು ದಾರ ಕಟ್ಟಿದ ಕಡ್ಡಿ ನೆಟ್ಟಿದ್ದೇನೆ. ಮೇಲಿಂದ ಕಾಣಲ್ಲ, ಬಗ್ಗಿ ನೋಡಬೇಕು. ಎಲೆ ಕೀಳಬೇಡಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ